ಪರಿಚಯದ ಸಹಿ

ಫೆಬ್ರವರಿ 6

ಅಪ್ಪನಿಗೆ,

ನಾನು ಚೆನ್ನಾಗಿದ್ದೇನೆ. ನೀವು ಹೇಗಿದ್ದೀರಿ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಹಾಗಾಗಿ ಕೇಳುತ್ತಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಮೂವತ್ತೆಂಟು ವರ್ಷ ಲಿಫ್ಟುಗಳ ಮೋಟಾರ್ ಕೋಣೆಯಲ್ಲಿ ದುಡಿದು ನಿಮ್ಮ ಕಿವಿ ಹೋಗಿದೆ. ಅರ್ಧ ಕೇಳಿಸಿಕೊಳ್ಳುತ್ತೀರಿ, ಉಳಿದರ್ಧಕ್ಕೆ ಜಗಳ ತೆಗೆಯುತ್ತೀರಿ. ಕಾಗದವಾದರೆ ಪೂರ್ತಿ ಓದಿ ಆಮೇಲೆ ಜಗಳ ತೆಗೆಯಬಹುದು.

ವಿಷಯ ಇಷ್ಟು: ನಾನು ಮತ್ತೆ ಸಾಲ ತೆಗೆದುಕೊಂಡಿದ್ದೇನೆ. ಬೇರೆ ಯಾರದೋ ಬಾಯಿಂದ ಕೇಳುವ ಬದಲು ನನ್ನಿಂದಲೇ ಕೇಳಿ.

ಕೋರ್ಟು ನನ್ನನ್ನು ದಿವಾಳಿ ಎಂದು ಘೋಷಿಸಿ ಮೂರು ವರ್ಷವಾಯಿತು. ಈ ಮೂರು ವರ್ಷದಲ್ಲಿ ಒಂದು ಬ್ಯಾಂಕಿನವರೂ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಮಾತಾಡಿಸಿಲ್ಲ. ಹೆಸರು ಕಂಪ್ಯೂಟರಿಗೆ ಹಾಕುತ್ತಾರೆ, ಮುಖ ಬದಲಾಗುತ್ತದೆ, 'ಆಮೇಲೆ ತಿಳಿಸ್ತೀವಿ' ಅನ್ನುತ್ತಾರೆ. ಬಾಡಿಗೆ ಮನೆಗೆ ಕೂಡ ಎಲ್ಲರ ಎರಡರಷ್ಟು ಮುಂಗಡ ಕೊಟ್ಟಿದ್ದೇನೆ. ಈಗ ಕಸುಬುದಾರರ ಸಾಲ ಸಂಘವೊಂದು ಒಪ್ಪಿದೆ. ಇಪ್ಪತ್ತನಾಲ್ಕು ಸಾವಿರ. ಅದರಲ್ಲಿ ಕೃತಕ ಹಲ್ಲುಗಳನ್ನು ನಯ ಮಾಡುವ ಕೈಮೋಟಾರು ಕೊಂಡೆ. ಹನ್ನೆರಡು ಕಂತು, ಪ್ರತಿ ತಿಂಗಳು ಐದನೇ ತಾರೀಖು. ಹನ್ನೆರಡನ್ನೂ ಒಂದು ದಿನ ತಡವಾಗದಂತೆ ಕಟ್ಟಿದರೆ ನನ್ನಂಥವಳೂ ದೊಡ್ಡ ಸಾಲಕ್ಕೆ ಅರ್ಜಿ ಹಾಕಬಹುದು. ಅದು ಅವರ ನಿಯಮ.

ದೊಡ್ಡ ಸಾಲ ಯಾಕೆಂದರೆ, ನಾನು ಸಂಬಳಕ್ಕಿರುವ ಹಲ್ಲಿನ ಲ್ಯಾಬಿನ ಯಜಮಾನರು ಮುಂದಿನ ಫೆಬ್ರವರಿಗೆ ಕೆಲಸ ನಿಲ್ಲಿಸುತ್ತಿದ್ದಾರೆ. ಅವರಿಗೆ ಈಗ ಹಲ್ಲಿನ ಬಣ್ಣದಲ್ಲಿ ಬಿಳಿ ಯಾವುದು, ಹಳದಿ ಯಾವುದು ಗೊತ್ತಾಗುತ್ತಿಲ್ಲ. 'ಪಿಂಗಾಣಿ ಸುಡೋ ಕುಲುಮೆ, ಬೆಂಚು, ಡಾಕ್ಟರುಗಳ ಪಟ್ಟಿ, ಎಲ್ಲಾ ನಿನಗೇ ಕೊಡ್ತೀನಿ. ಫೆಬ್ರವರಿವರೆಗೆ ಕಾಯ್ತೀನಿ, ಅದರಾಚೆ ಆಗಲ್ಲ' ಅಂದಿದ್ದಾರೆ. ಬಾಗಿಲ ಮೇಲೆ ಮತ್ತೆ ನನ್ನ ಹೆಸರಿರುತ್ತದೆ. ನನಗೆ ಬೇಕಾಗಿರುವುದು ಅಷ್ಟೇ.

ಮೊದಲ ಕಂತು ನಿನ್ನೆ ಕಟ್ಟಿದೆ. ರಸೀದಿಯ ನಕಲು ಜೊತೆಗಿದೆ. ಯಾಕೆ ಇಟ್ಟೆನೋ ಗೊತ್ತಿಲ್ಲ. ಅಂಕಪಟ್ಟಿ ತಂದು ನಿಮ್ಮ ಮುಂದೆ ಹಿಡಿಯುವ ಚಾಳಿ ನಲವತ್ತೊಂದು ವಯಸ್ಸಾದರೂ ಬಿಟ್ಟಿಲ್ಲ ಅಂದುಕೊಳ್ಳಿ.

ನಿಮ್ಮ ಮಗಳು


ಫೆಬ್ರವರಿ 19

ಮಗಳಿಗೆ,

ಪತ್ರ ತಲುಪಿತು. ತಪ್ಪಾಗಿ ಓದಿದೆನೇನೋ ಎಂದು ಎರಡನೇ ಸಲ ಓದಿದೆ. ತಪ್ಪಾಗಿ ಓದಿರಲಿಲ್ಲ.

ಮತ್ತೆ ಸಾಲ! ಬಿದ್ದ ಗುಂಡಿ ಎಲ್ಲಿದೆ ಎಂದು ವಿಳಾಸ ಕೇಳಿಕೊಂಡು ಹೋಗುವವಳನ್ನು ನಾನು ಬೇರೆಲ್ಲೂ ನೋಡಿಲ್ಲ. ಪೇಪರಿನಲ್ಲಿ ಬಂದ ಕೋರ್ಟ್ ನೋಟಿಸಿನಲ್ಲಿ ನಿನ್ನ ಹೆಸರಿನ ಪಕ್ಕ ನನ್ನ ಹೆಸರೂ ಇತ್ತು, ಇಂಥವರ ಮಗಳು ಎಂದು. ಅದನ್ನು ಓದಿದ ಮೇಲೆ ನಾಲ್ಕನೇ ಮಹಡಿಯವರು ಮೆಟ್ಟಿಲಲ್ಲಿ ನಿಲ್ಲಿಸಿ ನನ್ನ ಆರೋಗ್ಯ ವಿಚಾರಿಸಿದರು. ಹದಿನೈದು ವರ್ಷದಲ್ಲಿ ಮೊದಲ ಬಾರಿ.

ನಾನು ಜೀವಮಾನದಲ್ಲಿ ಒಂದು ಕಾಸು ಸಾಲ ಮಾಡಿದವನಲ್ಲ. ಸೈಕಲ್ಲು, ರೇಡಿಯೋ, ನಿನ್ನ ಓದು, ನಿನ್ನ ಅಮ್ಮನ ಆಸ್ಪತ್ರೆ, ಎಲ್ಲವೂ ಕೈಯಲ್ಲಿದ್ದ ಹಣದಿಂದ. ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಾಲ ಸಿಗಲಿ ಎಂದು ಸಾಲ ಮಾಡುವುದನ್ನು ನಿನಗೆ ಯಾರು ಹೇಳಿಕೊಟ್ಟರೋ ಅವರಿಗೆ ತಲೆ ನೆಟ್ಟಗಿಲ್ಲ. ಬೇಗ ತೀರಿಸು. ತೀರಿಸಿದ ಮೇಲೆ ಪತ್ರ ಬರೆ.

ಅಪ್ಪ

ನೀನು ಮಾಡಿಕೊಟ್ಟ ಹಲ್ಲಿನ ಸೆಟ್ಟು ಎಡಗಡೆ ಒತ್ತುತ್ತಿದೆ. ಅದು ಬೇರೆ ವಿಷಯ.


ಫೆಬ್ರವರಿ 27

ಅಪ್ಪನಿಗೆ,

ಏಳು ವರ್ಷದ ಸೆಟ್ಟು ಒತ್ತದೆ ಇನ್ನೇನು ಮಾಡುತ್ತದೆ? ನಾನು ಮಾಡಿಕೊಟ್ಟ ಹಲ್ಲನ್ನು ನನ್ನ ಮೇಲೇ ಕಡಿಯುತ್ತಾ ಕೂತರೆ ಸವೆಯುತ್ತದೆ.

ಬೇಗ ತೀರಿಸು ಅಂದಿದ್ದೀರಿ. ಬೇಗ ತೀರಿಸಬಾರದು ಅಪ್ಪ. ಹೇಳಿದ ದಿನಕ್ಕೆ, ಹನ್ನೆರಡು ಸಲ. ಕೈಮೋಟಾರು ಒಂದು ನೆಪ. ಕೊಟ್ಟ ಮಾತಿಗೆ ವರ್ಷಪೂರ್ತಿ ನಿಲ್ಲುತ್ತೇನೆ ಎಂದು ತೋರಿಸುವುದೇ ನಿಜವಾದ ಕೆಲಸ. ನಿಮಗೆ ತಲೆ ನೆಟ್ಟಗಿಲ್ಲದ ಕೆಲಸ ಅನ್ನಿಸಬಹುದು. ನನಗೆ ತೆರೆದಿರುವುದು ಅದೊಂದೇ ಬಾಗಿಲು.

ನೋಟಿಸಿನಲ್ಲಿ ನಿಮ್ಮ ಹೆಸರು ಬಂದದ್ದಕ್ಕೆ ನೋವಾಯಿತು ಅಲ್ಲವೇ? ಹಾಗಾದರೆ ನಾನೂ ಹೇಳಿಬಿಡುತ್ತೇನೆ, ಮೂರು ವರ್ಷದಿಂದ ಗಂಟಲಲ್ಲೇ ಇದೆ. ನನ್ನದೇ ಲ್ಯಾಬಿದ್ದಾಗ ಆ ದೊಡ್ಡ ಹಲ್ಲಿನ ಕ್ಲಿನಿಕ್ಕಿನವರು ಹದಿನಾಲ್ಕು ತಿಂಗಳು ನನ್ನಿಂದ ಹಲ್ಲು ಮಾಡಿಸಿಕೊಂಡು, ಹಣ ಕೊಡದೆ, ಬಾಗಿಲು ಹಾಕಿಕೊಂಡು ಹೋದರು. ಆಗ ನಾನು ನಿಮ್ಮ ಹಣ ಕೇಳಲಿಲ್ಲ. ಒಂದು ಜಾಮೀನು ಸಹಿ ಕೇಳಿದೆ. ನಿಮ್ಮ ಪಿಂಚಣಿ ನೋಡಿ ಬ್ಯಾಂಕಿನವರು ಆರು ತಿಂಗಳ ಗಡುವು ಕೊಡಲು ಒಪ್ಪಿದ್ದರು. ಫಾರಂ ಹಿಡಿದು ಬಂದೆ. ನೀವು ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಿರಿ. ಕನ್ನಡಕ ತೆಗೆದು, ಒರೆಸಿ, ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಿರಿ. 'ಕೈ ನಡುಗುತ್ತೆ' ಅಂದಿರಿ. ಆಮೇಲೆ ಅದೇ ಕೈಯಲ್ಲಿ ಅಂಚಿನವರೆಗೆ ತುಂಬಿದ ಟೀ ಲೋಟ ಎತ್ತಿ ಒಂದು ಹನಿ ಚೆಲ್ಲದೆ ಕುಡಿದಿರಿ. ನಾನು ಫಾರಂ ಹಿಡಿದುಕೊಂಡು ನೋಡುತ್ತಾ ನಿಂತಿದ್ದೆ.

ಈಗ ನಿಮ್ಮಿಂದ ಸಹಿ ಬೇಡ, ಹಣ ಬೇಡ, ಬುದ್ಧಿಮಾತೂ ಬೇಡ. ಸುಮ್ಮನಿರಿ. ಅಷ್ಟು ಮಾಡಿದರೆ ಸಾಕು.

ನಿಮ್ಮ ಮಗಳು


ಜೂನ್ 18

ಮಗಳಿಗೆ,

ನೀನು ಬರೆದದ್ದಕ್ಕೆ ನಾಲ್ಕು ತಿಂಗಳು ಉತ್ತರ ಕೊಡಲಿಲ್ಲ. ಮಾತಿನಲ್ಲಿ ಕೊಡುವ ಉತ್ತರ ನನ್ನ ಹತ್ತಿರ ಇರಲಿಲ್ಲ. ಇವತ್ತು ಕೊಟ್ಟಿದ್ದೇನೆ.

ಸಂಘದ ಶಾಖೆ ಇಲ್ಲಿಯೂ ಇದೆ, ನಮ್ಮ ಬೀದಿಯಿಂದ ಎರಡು ಸ್ಟಾಪು. ನೀನು ಕಳಿಸಿದ ರಸೀದಿಯಲ್ಲಿ ಖಾತೆಯ ನಂಬರ್ ಇತ್ತು. ಬೆಳಿಗ್ಗೆ ಹೋಗಿ ಬಾಕಿ ಏಳು ಕಂತನ್ನೂ ಒಂದೇ ಸಲ ಕಟ್ಟಿಬಿಟ್ಟೆ. ಹದಿನಾಲ್ಕು ಸಾವಿರದ ಚಿಲ್ಲರೆ. ಚಿಲ್ಲರೆಯನ್ನೂ ಎಣಿಸಿ ಕೊಟ್ಟಿದ್ದೇನೆ. ನಿನ್ನ ಸಾಲ ತೀರಿತು. ಇನ್ನು ತಲೆಯೆತ್ತಿ ನಡೆ.

ಮೂರು ವರ್ಷದ ಹಿಂದೆ ಮಾಡಬೇಕಿತ್ತು ಎಂದು ನೀನು ಅಂದುಕೊಳ್ಳುತ್ತೀಯ. ಇರಲಿ. ಈಗ ಮಾಡಿದೆ.

ಅಪ್ಪ


ಜೂನ್ 24

ಅಪ್ಪ,

ಏನು ಮಾಡಿಬಿಟ್ಟಿರಿ! ನನ್ನ ಕಾಗದ ಓದಿದಿರೋ ಅಥವಾ ಅದರಲ್ಲಿ ಕನ್ನಡಕ ಒರೆಸಿದಿರೋ?

ನಿಮ್ಮ ಪತ್ರ ಕೈಗೆ ಬಂದ ತಕ್ಷಣ, ಅಂಟು ಮೆತ್ತಿದ ಏಪ್ರನ್ನಿನಲ್ಲೇ ಸಂಘಕ್ಕೆ ಓಡಿದೆ. ಕೌಂಟರಿನವನು ಪರದೆ ನೋಡಿ ಹೇಳಿದ: "ಖಾತೆ ಕ್ಲೋಸ್ ಆಗಿದೆ ಮೇಡಂ. ಲೆಕ್ಕಕ್ಕೆ ಬರೋದು ಐದೇ ಕಂತು."

"ಮತ್ತೆ ತೆರೀಬಹುದಾ?"

"ಆಗಲ್ಲ. ಹೊಸ ಸಾಲ ಬೇಕಂದ್ರೆ ಆರು ತಿಂಗಳು ಕಾಯ್ಬೇಕು. ಆಮೇಲೆ ಮೊದಲಿಂದ ಹನ್ನೆರಡು."

"ಇದನ್ನ ಕಟ್ಟಿದ್ದು ನಾನಲ್ಲ ಕಣ್ರೀ, ನಮ್ಮಪ್ಪ!"

"ಹೌದಾ? ಒಳ್ಳೇ ಅಪ್ಪ ಮೇಡಂ," ಅಂದ. ಮನಸಾರೆ ಅಂದ, ಅದೇ ಇನ್ನೂ ಉರಿಯಿತು. ಕೌಂಟರಿನ ಗಾಜು ಒಡೆಯದೆ ಬಂದೆನಲ್ಲ, ಅದೇ ದೊಡ್ಡದು.

ಲೆಕ್ಕ ಹಾಕಿ ನೋಡಿ, ನಿಮಗೆ ಲೆಕ್ಕ ಚೆನ್ನಾಗಿ ಬರುತ್ತದೆ. ಡಿಸೆಂಬರಿನಲ್ಲಿ ಹೊಸ ಸಾಲ, ಮುಂದಿನ ಡಿಸೆಂಬರಿಗೆ ಹನ್ನೆರಡು ಕಂತು. ಯಜಮಾನರು ಕಾಯುವುದು ಫೆಬ್ರವರಿವರೆಗೆ. ಹತ್ತು ತಿಂಗಳು ಅಡ್ಡಗಾಲು ಹಾಕಿದಿರಿ ನೀವು, ಅದೂ ತಲೆಯೆತ್ತಿ ನಡೆ ಎಂದು ಹಾರೈಸಿ.

ಬೇಕಾದಾಗ ನಿಮ್ಮ ಕೈ ನಡುಗಿತು. ಬೇಡ ಅಂದಾಗ ಅದೇ ಕೈ ಚಿಲ್ಲರೆ ಕೂಡ ಎಣಿಸಿತು. ನನಗೆ ನಿಮ್ಮ ಮೇಲೆ ಎಷ್ಟು ಕೋಪ ಬಂದಿದೆ ಎಂದರೆ ಈ ವಾರ ಮೂರು ಸೆಟ್ಟು ಹಾಳು ಮಾಡಿದ್ದೇನೆ. ನೀವು ಸಾಲ ತೀರಿಸಿದ್ದು ನನಗಾಗಿ ಅಲ್ಲ. ಪೇಪರಿನಲ್ಲಿ ಬಂದ ನಿಮ್ಮ ಹೆಸರಿಗಾಗಿ.

ನೀವು ಕಟ್ಟಿದ್ದನ್ನು ನಾನು ದಾನವೆಂದು ಇಟ್ಟುಕೊಳ್ಳುವುದಿಲ್ಲ. ಜುಲೈ ಐದರಿಂದ ಪ್ರತಿ ತಿಂಗಳು ಒಂದು ಕಂತಿನ ಹಣ ನಿಮಗೇ ಮನಿಯಾರ್ಡರ್ ಬರುತ್ತದೆ. ತಿರುಗಿಸಿ ಕಳಿಸಿದರೆ ಮತ್ತೆ ಕಳಿಸುತ್ತೇನೆ.

ಇಂತಿ, ದಿವಾಳಿ


ಆಗಸ್ಟ್ 5

ಎರಡನೇ ಕಂತು ಕಳಿಸಿದ್ದೇನೆ. ಪತ್ರ ಬೇಡ. ರಸೀದಿ ಬೇಕು.

ಮಗಳು


ಆಗಸ್ಟ್ 12

ರಸೀದಿ. ಜುಲೈ ಮತ್ತು ಆಗಸ್ಟ್ ಕಂತು ಪೂರ್ತಿ ಮುಟ್ಟಿದೆ.

ಅಪ್ಪ


ಅಕ್ಟೋಬರ್ 9

ಮಗಳಿಗೆ,

ನಾಲ್ಕನೇ ಕಂತು ಮುಟ್ಟಿದೆ. ನಾಲ್ಕೂ ಐದನೇ ತಾರೀಖಿನವೇ. ಪತ್ರ ಬೇಡ ಅಂದಿದ್ದೀಯ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಹೊಟ್ಟೆ ಉರಿಯುತ್ತಿದೆ, ಹೇಳಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇಲ್ಲ.

ನಿನ್ನೆ ನಾಲ್ಕು ಮನಿಯಾರ್ಡರ್ ಚೀಟಿಗಳನ್ನೂ ಒಂದು ಹಾಳೆಗೆ ಅಂಟಿಸಿ ಸಂಘಕ್ಕೆ ತೆಗೆದುಕೊಂಡು ಹೋದೆ. ಅಲ್ಲಿ ಕಪ್ಪು ಫ್ರೇಮಿನ ಕನ್ನಡಕದ ಒಬ್ಬಳು ಅಧಿಕಾರಿ ಇದ್ದಾಳೆ, ನಿನಗಿಂತ ಚಿಕ್ಕವಳು. "ನೋಡಮ್ಮ, ನನ್ನ ಮಗಳು ನಿಮ್ಮ ಸಾಲವನ್ನ ಈಗ ನನಗೆ ಕಟ್ತಾ ಇದ್ದಾಳೆ. ಒಂದು ದಿನ ತಪ್ಪಿಲ್ಲ. ಐದಕ್ಕೆ ಈ ನಾಲ್ಕು ಸೇರಿಸ್ಕೊಳ್ಳಿ, ಒಂಬತ್ತಾಯ್ತು" ಅಂದೆ. ಅವಳು ಹಾಳೆಯನ್ನು ಪೂರ್ತಿ ನೋಡಿದಳು, ಅದಕ್ಕೆ ಮಾತ್ರ ಮೆಚ್ಚಬೇಕು. "ಇದು ಮನೆಯೊಳಗಿನ ವಿಷಯ ಸರ್. ಲೆಕ್ಕಕ್ಕೆ ಬರಲ್ಲ" ಅಂದಳು.

"ಹಾಗಾದ್ರೆ ಅವಳ ದೊಡ್ಡ ಸಾಲಕ್ಕೆ ನಾನು ಜಾಮೀನು ನಿಲ್ತೀನಿ. ಫಾರಂ ಕೊಡಿ."

ಹೌದು, ಅಂದೆ. ಇದನ್ನು ಓದುವಾಗ ನಿನ್ನ ಮುಖ ಹೇಗಾಗುತ್ತದೆ ಎಂದು ನನಗೆ ಗೊತ್ತು.

ಅವಳು ನನ್ನ ಹೆಸರನ್ನು ಕಂಪ್ಯೂಟರಿಗೆ ಹಾಕಿದಳು. ಮತ್ತೊಮ್ಮೆ ಹಾಕಿದಳು. ಆಮೇಲೆ ಕೇಳಿದಳು: "ನೀವು ಯಾವತ್ತಾದ್ರೂ, ಏನಾದ್ರೂ ಸಾಲ ತಗೊಂಡಿದ್ದೀರಾ ಸರ್?"

"ಒಂದು ಕಾಸೂ ಇಲ್ಲ!" ಅಂದೆ. ಇಡೀ ಆಫೀಸಿಗೆ ಕೇಳಿಸುವಂತೆ ಅಂದೆ.

"ಅದೇ ತೊಂದರೆ ಸರ್. ನಿಮ್ಮ ಬಗ್ಗೆ ನಮ್ಮಲ್ಲಿ ಏನೂ ಇಲ್ಲ. ಜಾಮೀನು ಹಾಕೋರು ಸಾಲ ತಗೊಂಡು ತೀರಿಸಿದ್ದು ದಾಖಲೆ ಇರ್ಬೇಕು."

"ದಿವಾಳಿಯಾದ ನನ್ನ ಮಗಳಿಗಿಂತ ನಾನು ಕಡಿಮೆನಾ?"

"ಕಡಿಮೆ ಅಲ್ಲ ಸರ್. ಅವರ ಸಾಲದ ದಾಖಲೆಗೆ ಅಂಕ ಕಮ್ಮಿ ಇದೆ. ನಿಮಗೆ ಅಂಕಾನೇ ಇಲ್ಲ."

ಎಪ್ಪತ್ತೊಂದು ವರ್ಷ ಯಾರ ಮುಂದೆಯೂ ಕೈಚಾಚದೆ ಬದುಕಿದ್ದಕ್ಕೆ ಇದು ಬಹುಮಾನ. ನಾನು ಇಲ್ಲವೇ ಇಲ್ಲವಂತೆ! ಮೇಜು ಗುದ್ದಿದೆ. ಅವಳ ಪೆನ್ನಿನ ಸ್ಟ್ಯಾಂಡ್ ಬಿತ್ತು. ಎತ್ತಿಕೊಟ್ಟು ಬಂದೆ. ಬಸ್ಸು ಹತ್ತದೆ ನಡೆದುಕೊಂಡೇ ಮನೆಗೆ ಬಂದೆ.

ಇದು ಯಾವ ನ್ಯಾಯ, ನೀನೇ ಹೇಳು.

ಅಪ್ಪ


ಅಕ್ಟೋಬರ್ 16

ಅಪ್ಪನಿಗೆ,

ನಿಮ್ಮ ಪತ್ರ ಓದಿ ನಕ್ಕೆ. ಕೆಟ್ಟ ನಗು. ಬೆಂಚಿನ ಆಚೆಯಿಂದ ಯಜಮಾನರು ಗಾಬರಿಯಾಗಿ ನೋಡಿದರು. ಮೂರು ವರ್ಷದಿಂದ ಅಂಥ ಮೇಜುಗಳ ಮುಂದೆ ನಾನು ಕೇಳಿಸಿಕೊಂಡ ಮಾತನ್ನು ನೀವು ಒಂದು ದಿನ ಕೇಳಿಸಿಕೊಂಡಿರಿ, ಅಷ್ಟಕ್ಕೇ ಬಸ್ಸು ಹತ್ತಲಾಗಲಿಲ್ಲ.

ಯಜಮಾನರು ಎಂದೆನಲ್ಲ, ಇನ್ನು ಅವರು ಯಜಮಾನರಲ್ಲ. ಕುಲುಮೆ, ಬೆಂಚು, ಪಟ್ಟಿ ಎಲ್ಲವನ್ನೂ ಹೋದ ವಾರ ಬೇರೆಯವರಿಗೆ ಮಾರಿದರು. ನನ್ನನ್ನು ಪಕ್ಕಕ್ಕೆ ಕರೆದು, 'ಫೆಬ್ರವರಿಗೆ ನಿನ್ನ ಕೈಲಿ ಆಗಲ್ಲ ಅಂತ ಗೊತ್ತಾದ್ಮೇಲೆ ಇಟ್ಕೊಂಡು ಏನ್ ಮಾಡ್ಲಿ' ಅಂದರು. ಅವರ ತಪ್ಪಿಲ್ಲ. ತಪ್ಪು ಯಾರದು ಎಂದು ನಿಮಗೆ ಗೊತ್ತು. ಹೊಸಬರ ಕೈಕೆಳಗೆ ನನಗೆ ಅದೇ ಸ್ಟೂಲು, ಅದೇ ಸಂಬಳ. ಬಾಗಿಲ ಮೇಲೆ ಅವರ ಹೆಸರು ಬರೆಯುವಾಗ ಏಣಿ ಹಿಡಿದುಕೊಂಡಿದ್ದು ನಾನೇ.

ನ್ಯಾಯ ಕೇಳಿದ್ದೀರಿ. ನಿಮ್ಮ ಕಸುಬಿನಲ್ಲೇ ಹೇಳುತ್ತೇನೆ. ನನಗೆ ಆರು ವರ್ಷವಿದ್ದಾಗ ಒಂದು ಹೊಸ ಕಟ್ಟಡದ ಲಿಫ್ಟಿನ ತಪಾಸಣೆಗೆ ನನ್ನನ್ನು ಕರೆದುಕೊಂಡು ಹೋಗಿದ್ದಿರಿ. ತೂಕದ ಬಟ್ಟುಗಳನ್ನು ಒಳಗೆ ಜೋಡಿಸಿ, ಪೂರ್ತಿ ಭಾರ ಹಾಕಿ ಮೇಲೆ ಕೆಳಗೆ ಓಡಿಸಿದ ಮೇಲೆಯೇ ನೀವು ಕಾಗದಕ್ಕೆ ಸಹಿ ಹಾಕುತ್ತಿದ್ದದ್ದು. ಆವತ್ತು ಇಪ್ಪತ್ತು ಕೇಜಿಯ ಒಂದು ಬಟ್ಟು ಕಡಿಮೆ ಬಿತ್ತು. ನನ್ನನ್ನು ಎತ್ತಿ ಅದರ ಜಾಗದಲ್ಲಿ ಕೂರಿಸಿದಿರಿ. ಅಮ್ಮ ಒಂದು ವಾರ ನಿಮ್ಮ ಜೊತೆ ಮಾತು ಬಿಟ್ಟಳು, ನನಗೆ ಬಟ್ಟು ಎಂಬ ಹೆಸರು ಅಂಟಿಕೊಂಡಿತು.

ಕಟ್ಟಡದವನು ಬಂದು 'ಹೊಸಾ ಹಗ್ಗ ಸ್ವಾಮಿ, ಒಂದು ದಿನಾನೂ ಭಾರ ಹಾಕಿಲ್ಲ, ಹಾಗೇ ಸಹಿ ಹಾಕಿ' ಅಂದಿದ್ದರೆ ಹಾಕುತ್ತಿದ್ದಿರಾ? ಅವನ ಕತ್ತಿನಪಟ್ಟಿ ಹಿಡಿಯುತ್ತಿದ್ದಿರಿ. ನಾನು ಭಾರ ತಾಳದೆ ಒಮ್ಮೆ ತುಂಡಾದ ಹಗ್ಗ, ಒಪ್ಪಿದೆ. ನೀವು ಇನ್ನೂ ಸುರುಳಿಯಲ್ಲೇ ಇರುವ ಹಗ್ಗ. ಆ ಕನ್ನಡಕದ ಹುಡುಗಿ ಹೇಳಿದ್ದು ಇಷ್ಟೇ. ಅವಳ ಪೆನ್ನು ಬೀಳಿಸುವ ಅಗತ್ಯ ಇರಲಿಲ್ಲ.

ಡಿಸೆಂಬರಿನಲ್ಲಿ ನಾನು ಮತ್ತೆ ಒಂದರಿಂದ ಶುರು ಮಾಡುತ್ತೇನೆ, ಈ ಕುಲುಮೆ ಹೋದರೆ ಇನ್ನೊಂದಕ್ಕೆ. ಈ ಸಲ ರಸೀದಿಯ ನಕಲು ಕಳಿಸುವುದಿಲ್ಲ.

ಮಗಳು


ನವೆಂಬರ್ 2

ಬಟ್ಟುಗೆ,

ಕುಲುಮೆ ಹೋದದ್ದು ನನ್ನಿಂದ. ನೀನು ಅದನ್ನು ನೇರವಾಗಿ ಬರೆಯಲಿಲ್ಲ, ನಾನೇ ಬರೆಯುತ್ತೇನೆ. ತಪ್ಪು ನನ್ನದು. ಅದಕ್ಕಿಂತ ಮೊದಲಿನದೂ ನನ್ನದೇ.

ನಿನಗೆ ಹೇಳಿರದ ಒಂದು ಮಾತಿದೆ. ನನಗೆ ಒಂಬತ್ತು ವರ್ಷವಿದ್ದಾಗ ಸಾಲ ವಸೂಲಿಯವರು ಬಂದು ನನ್ನಪ್ಪನ ಹೊಲಿಗೆ ಯಂತ್ರ ಹೊತ್ತುಕೊಂಡು ಹೋದರು. ಮೆಟ್ಟಿಲಿನ ತಿರುವಿನಲ್ಲಿ ಅದು ಗೋಡೆಗೆ ಉಜ್ಜುತ್ತಿತ್ತು. ಗೀರು ಬೀಳಬಾರದೆಂದು ನಾನೇ ಹೋಗಿ ಒಂದು ಕಡೆ ಹಿಡಿದುಕೊಟ್ಟೆ. ಅಪ್ಪ ಮೇಲೆ ನಿಂತು ನೋಡುತ್ತಿದ್ದರು. ನೀನು ಫಾರಂ ತಂದ ದಿನ ನನಗೆ ಕಂಡದ್ದು ನೀನಲ್ಲ, ಆ ಮೆಟ್ಟಿಲು. ಇದು ನೆಪವಲ್ಲ. ನೆಪವೆಂದು ನಿನಗನ್ನಿಸಿದರೆ ಹಾಗೇ ಇಟ್ಟುಕೋ.

ಲಿಫ್ಟಿನ ವಿಷಯ ಬರೆದಿದ್ದೀಯ. ನಿನ್ನನ್ನು ಕೂರಿಸುವ ಮೊದಲು ಆ ಹಗ್ಗವನ್ನು ಮೂರು ಸಲ ನೋಡಿದ್ದೆ. ಹಗ್ಗದ ಮೇಲೆ ನಂಬಿಕೆ ಇತ್ತು, ಕೂರಿಸಿದೆ. ಮೂರು ವರ್ಷದ ಹಿಂದೆ ನಿನ್ನ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಕೈ ನಡುಗುತ್ತಿರಲಿಲ್ಲ.

ಈಗ ಕೆಲಸದ ಮಾತು. ನಾನು ಸಾಲ ತೆಗೆಯುತ್ತಿದ್ದೇನೆ. ನಗಬೇಡ. ಹನ್ನೆರಡು ಕಂತು, ನನ್ನ ಪಿಂಚಣಿಯಿಂದ. ಅದು ಮುಗಿದರೆ ನಿನ್ನ ದೊಡ್ಡ ಸಾಲಕ್ಕೆ ಜಾಮೀನು ನಿಲ್ಲಲು ನಾನು ಅರ್ಹ, ಆ ಹುಡುಗಿಯೇ ನಿಯಮದ ಪುಸ್ತಕ ತೆಗೆದು ತೋರಿಸಿದಳು. ನನ್ನದೂ ನಿನ್ನದೂ ಹೆಚ್ಚುಕಡಿಮೆ ಒಟ್ಟಿಗೇ ಮುಗಿಯುತ್ತವೆ. ಆಗ ನನಗೆ ಎಪ್ಪತ್ತೆರಡು. ಇರುತ್ತೇನೆ.

ಸಾಲ ಯಾತಕ್ಕೆ ಎಂದು ಫಾರಂನಲ್ಲಿ ಬರೆಯಬೇಕಂತೆ. ಹೊಸ ಹಲ್ಲಿನ ಸೆಟ್ಟಿಗೆ ಎಂದು ಬರೆದಿದ್ದೇನೆ. ನಿಮ್ಮ ಲ್ಯಾಬಿನಿಂದ ದರಪಟ್ಟಿ ಬೇಕು. ಅಪ್ಪನೆಂದು ಕಡಿಮೆ ಹಾಕಬೇಡ.

ಇನ್ನೊಂದು ಇದೆ. ಹೊಸಬರು ಸೇರಬೇಕಾದರೆ ಹಳೆಯ ಸದಸ್ಯರೊಬ್ಬರು ಪರಿಚಯದ ಸಹಿ ಹಾಕಬೇಕು. ಒಂದು ಸಾಲವನ್ನಾದರೂ ತೀರಿಸಿದವರಾಗಿರಬೇಕು. ನನಗೆ ಗೊತ್ತಿರುವ ಸದಸ್ಯೆ ನೀನೊಬ್ಬಳೇ. ನಿನ್ನ ಸಾಲ ತೀರಿದೆ ಎಂದು ಅವರ ದಾಖಲೆಯಲ್ಲಿದೆ, ಅದನ್ನು ಹೇಗೆ ತೀರಿಸಲಾಯಿತು ಎಂಬುದು ನಿನಗೂ ನನಗೂ ಗೊತ್ತು.

ಫಾರಂ ಜೊತೆಗಿಟ್ಟಿದ್ದೇನೆ. ಹಾಕಲೇಬೇಕೆಂದಿಲ್ಲ. ಹಾಕದಿದ್ದರೆ ನನಗೆ ಅರ್ಥವಾಗುತ್ತದೆ.

ಅಪ್ಪ


ನವೆಂಬರ್ 8

ಅಪ್ಪನಿಗೆ,

ಫಾರಂ ಎರಡು ದಿನ ಬೆಂಚಿನ ಮೇಲೆ ಹಾಗೇ ಬಿದ್ದಿತ್ತು. ಬೇಕೆಂದೇ ಬಿಟ್ಟಿದ್ದೆ. ನಾನು ನಿಮ್ಮ ಅಡುಗೆಮನೆಯಲ್ಲಿ ನಿಂತಷ್ಟು ಹೊತ್ತು ನೀವೂ ನಿಲ್ಲಬೇಕು ಅನ್ನಿಸಿತು. ನಾನು ನಿಂತದ್ದು ಹತ್ತು ನಿಮಿಷ, ನಿಮ್ಮನ್ನು ಎರಡು ದಿನ ನಿಲ್ಲಿಸಿದೆ. ಸ್ವಲ್ಪ ಜಾಸ್ತಿಯಾಯಿತು.

ಹೊಲಿಗೆ ಯಂತ್ರದ ಮಾತನ್ನು ಮೂರು ವರ್ಷದ ಹಿಂದೆ ಹೇಳಿದ್ದರೆ ಜಗಳವಾಡುತ್ತಿದ್ದೆ, ಆದರೆ ಮನೆಗೆ ಬರುವುದನ್ನು ಬಿಡುತ್ತಿರಲಿಲ್ಲ. ಕೋಪ ಇನ್ನೂ ಇದೆ. ಕುಲುಮೆಯ ಮುಂದೆ ಕೂತಾಗಲೆಲ್ಲ ಬರುತ್ತದೆ, ದಿನಕ್ಕೆ ಎಂಟು ಗಂಟೆ ಅದರ ಮುಂದೆಯೇ ಕೂರುತ್ತೇನೆ. ಒಂದು ಪತ್ರಕ್ಕೆ ಹೋಗುವಂಥದ್ದಲ್ಲ.

ದರಪಟ್ಟಿ ಜೊತೆಗಿದೆ. ಕಡಿಮೆ ಹಾಕಿಲ್ಲ. ಅಳತೆಗೆ ನೀವೇ ಬರಬೇಕು, ಬಾಯನ್ನು ಅಂಚೆಯಲ್ಲಿ ಕಳಿಸಲಾಗುವುದಿಲ್ಲ. ಕೆಳಮಹಡಿಯ ಡಾಕ್ಟರು ಅಚ್ಚು ತೆಗೆಯುತ್ತಾರೆ, ಮೂರು ಸಲವಾದರೂ ಬಂದುಹೋಗಬೇಕಾಗುತ್ತದೆ. ಮಂಚ ಒಂದೇ ಇದೆ, ನಾನು ನೆಲದಲ್ಲಿ ಮಲಗುತ್ತೇನೆ. ಅದಕ್ಕೆ ಜಗಳ ತೆಗೆಯಬೇಡಿ.

ಕಂತು ಐದನೇ ತಾರೀಖು. ನಾಲ್ಕಕ್ಕೇ ಹೋಗಿ ನಿಲ್ಲಬೇಡಿ, ಆರಕ್ಕೆ ಹೋಗಬೇಡಿ, ಮುಖ್ಯವಾಗಿ ಹನ್ನೆರಡನ್ನೂ ಒಟ್ಟಿಗೆ ಕಟ್ಟಿ ಬರಬೇಡಿ. ಪ್ರತಿ ತಿಂಗಳು ರಸೀದಿಯ ನಕಲು ನನಗೆ ಬರಬೇಕು.

ಫಾರಂನಲ್ಲಿ ಪರಿಚಯದವರಿಗೆ ಮೂರು ಪ್ರಶ್ನೆ ಇದೆ. ಅರ್ಜಿದಾರರನ್ನು ಎಷ್ಟು ವರ್ಷದಿಂದ ಬಲ್ಲಿರಿ? ನಲವತ್ತೊಂದು ಎಂದು ಬರೆದೆ. ಸ್ವಭಾವ ಹೇಗೆ? ಬರೆಯುವುದು ಬೇಕಾದಷ್ಟಿತ್ತು, ಒಂದೇ ಗೆರೆಯ ಜಾಗ ಕೊಟ್ಟಿದ್ದರು, ಹಾಗಾಗಿ ಹಟಮಾರಿ ಎಂದಷ್ಟೇ ಹಾಕಿದೆ. ಇವರು ಸಾಲ ತೀರಿಸುತ್ತಾರೆ ಎಂಬ ನಂಬಿಕೆ ನಿಮಗಿದೆಯೇ? ಇದೆ ಎಂದು ಬರೆದೆ.

ಕೆಳಗೆ ಸಹಿ ಹಾಕಿದ್ದೇನೆ. ನನ್ನ ಕೈ ನಡುಗಲಿಲ್ಲ.

ಬಟ್ಟು